ಕಿರುಚುವ ಬೆಲ್ಟು, ಸುಮ್ಮನಿರುವ ಬೆಲ್ಟು

ಪ್ರಶ್ನೆ: ನಮ್ಮ ಮನೆಯಲ್ಲಿ ಮಾವನವರು ಕೊಂಡ ಇನ್ನೋವಾ ಇದೆ. 2014ರ ಡೀಸೆಲ್ ಗಾಡಿ, ಇದುವರೆಗೆ ಓಡಿರುವುದು 58,000 ಕಿಲೋಮೀಟರ್ ಮಾತ್ರ. ಯಲಹಂಕ ಉಪನಗರದಿಂದ ಮೇಖ್ರಿ ವೃತ್ತದ ಹತ್ತಿರವಿರುವ ನನ್ನ ಆಫೀಸಿಗೆ ಹೋಗಿಬರುವುದೇ ಅದರ ಮುಖ್ಯ ಕೆಲಸ. ಕೆಲವು ವಾರಗಳಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ‘ಕಿರ್ರ್’ ಎಂದು ಕಿರುಚುತ್ತದೆ, ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಯಶವಂತಪುರದ ಮೆಕ್ಯಾನಿಕ್ ನೋಡಿ, “ಮೇಡಂ, ಫ್ಯಾನ್ ಬೆಲ್ಟ್ ಹೋಗಿದೆ, ಹೊಸದು ಹಾಕೋಣ. ಹಂಗೇ ಟೈಮಿಂಗ್ ಬೆಲ್ಟೂ ಮಾಡಿಸಿಬಿಡಿ, ಹತ್ತು ವರ್ಷ ದಾಟಿದೆ” ಅಂದರು. ನಮ್ಮ ಮೈದುನ, “ಅತ್ತಿಗೆ, ಟೈಮಿಂಗ್ ಬೆಲ್ಟಿಗೆ ಮೀಟರ್ ಬೋರ್ಡಿನಲ್ಲಿ ಲೈಟ್ ಬರುತ್ತೆ. ಅದು ಬಂದಿಲ್ಲ, ಸದ್ದೂ ಇಲ್ಲ. ಯಾಕೆ ದುಡ್ಡು ಸುರೀತೀರಿ?” ಅನ್ನುತ್ತಾರೆ. ಇಂಜಿನ್ನಿನಲ್ಲಿ ಎಷ್ಟು ಬೆಲ್ಟ್ ಇರುತ್ತವೆ, ಯಾವುದು ಏನು ಮಾಡುತ್ತದೆ, ಇವರಿಬ್ಬರಲ್ಲಿ ಯಾರ ಮಾತು ಕೇಳಲಿ?
— ಓದುಗರು, ಯಲಹಂಕ ಉಪನಗರ

ಉತ್ತರ: ಮೆಕ್ಯಾನಿಕ್ ಮಾತು ಕೇಳಿ. ಎರಡೂ ಬೆಲ್ಟ್ ಬದಲಾಯಿಸಿ, ಅದರಲ್ಲೂ ಸದ್ದು ಮಾಡದೆ ಕೂತಿರುವುದನ್ನು ಮರೆಯದೆ ಬದಲಾಯಿಸಿ. ನಿಮ್ಮ ಮೈದುನ ಮನೆಯ ದುಡ್ಡು ಉಳಿಯಲಿ ಎಂದೇ ಹೇಳಿದ್ದಾರೆ, ತಪ್ಪು ತಿಳಿಯಬೇಡಿ. ಆದರೆ ಅವರು ನಂಬಿರುವ ಆ ದೀಪಕ್ಕೆ ಬೆಲ್ಟು ಕಾಣಿಸುವುದೇ ಇಲ್ಲ. ಅದು ಹೇಗೆಂದು ಹೇಳಬೇಕಾದರೆ ಮೊದಲು ಹೊಲಿಗೆ ಯಂತ್ರದ ಹತ್ತಿರ ಹೋಗಬೇಕು.

ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ನೋಡಿರುತ್ತೀರಿ. ಕೆಳಗೆ ದೊಡ್ಡ ಚಕ್ರ, ಮೇಲೆ ಸಣ್ಣ ಚಕ್ರ, ಎರಡಕ್ಕೂ ಸುತ್ತಿದ ಚರ್ಮದ ದಾರದಂಥ ಬೆಲ್ಟು. ಅದು ಸಡಿಲವಾದರೆ ಜಾರುತ್ತದೆ, ತುಳಿದರೂ ಸೂಜಿ ಏಳುವುದಿಲ್ಲ. ದರ್ಜಿಯವರು ತುದಿಯಲ್ಲಿ ಒಂದಿಷ್ಟು ಕತ್ತರಿಸಿ ತಂತಿಯ ಕೊಕ್ಕೆ ಹಾಕಿ ಬಿಗಿ ಮಾಡಿಕೊಳ್ಳುತ್ತಾರೆ, ಕೆಲಸ ಮುಂದುವರಿಯುತ್ತದೆ. ಬೆಲ್ಟು ಕಿತ್ತುಹೋದರೂ ಯಂತ್ರಕ್ಕೆ ಏನೂ ಆಗುವುದಿಲ್ಲ. ಆದರೆ ಅದೇ ಯಂತ್ರದ ಒಳಗೆ ಇನ್ನೊಂದು ಸಂಬಂಧವಿದೆ. ಮೇಲಿನ ಸೂಜಿ ಕೆಳಗಿಳಿದು ಏಳುವ ಹೊತ್ತಿಗೆ ಸರಿಯಾಗಿ ಕೆಳಗಿನ ಬಾಬಿನ್ನಿನ ಕೊಕ್ಕೆ ಬಂದು ದಾರ ಹಿಡಿಯಬೇಕು. ಅಲ್ಲಿ ಕೂದಲೆಳೆಯಷ್ಟು ಹೊತ್ತು ತಪ್ಪಿದರೂ ಹೊಲಿಗೆ ಬಿಟ್ಟುಹೋಗುತ್ತದೆ. ಹೆಚ್ಚು ತಪ್ಪಿದರೆ ಸೂಜಿ ಕೊಕ್ಕೆಗೆ ಬಡಿದು ಮುರಿಯುತ್ತದೆ.

ಕಾರಿನ ಇಂಜಿನ್ನಿನಲ್ಲೂ ಹೀಗೆಯೇ ಎರಡು ಜಾತಿಯ ಬೆಲ್ಟುಗಳಿವೆ. ಒಂದು ಹೊರಗಿನದು, ಜಾರಬಹುದಾದದ್ದು. ಇನ್ನೊಂದು ಒಳಗಿನದು, ಒಂದು ಹಲ್ಲೂ ಜಾರಕೂಡದ್ದು. ಹಲ್ಲಿರುವ ಬೆಲ್ಟು ಹುಟ್ಟಿದ್ದೂ ಹೊಲಿಗೆ ಯಂತ್ರಕ್ಕಾಗಿಯೇ. 1940ರ ದಶಕದಲ್ಲಿ ಅಮೆರಿಕದಲ್ಲಿ ಸೂಜಿಗೂ ಬಾಬಿನ್ನಿಗೂ ಹೊತ್ತು ತಪ್ಪದ ಹಾಗೆ ಜೋಡಿಸಲು ಅದನ್ನು ಮಾಡಿದರು. 1962ರ ಸುಮಾರಿಗೆ ಜರ್ಮನಿಯ ಗ್ಲಾಸ್ ಎಂಬ ಪುಟ್ಟ ಕಂಪನಿ ತನ್ನ 1004 ಮಾದರಿಯ ಕಾರಿನ ಇಂಜಿನ್ನಿಗೆ ಅದನ್ನು ಹಾಕಿತು. ನಿಮ್ಮ ಗಾಡಿಯ ಟೈಮಿಂಗ್ ಬೆಲ್ಟು ಆ ವಂಶದ್ದು.

ಹೊರಗಿನದನ್ನು ಮೊದಲು ನೋಡೋಣ. ಬಾನೆಟ್ ಎತ್ತಿದರೆ ಕಣ್ಣಿಗೆ ಬೀಳುವುದು ಅದೇ. ಇಂಜಿನ್ ತಿರುಗುವಾಗ ಅದರ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿರುವ ಪುಲ್ಲಿಯೂ ತಿರುಗುತ್ತದೆ. ಆ ಪುಲ್ಲಿಯಿಂದ ಬಲ ತೆಗೆದುಕೊಂಡು ಬೆಲ್ಟು ಸುತ್ತಲಿನ ಯಂತ್ರಗಳನ್ನು ತಿರುಗಿಸುತ್ತದೆ: ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಹಲವು ಗಾಡಿಗಳಲ್ಲಿ ಸ್ಟೀರಿಂಗ್ ಪಂಪ್, ವಾಟರ್ ಪಂಪ್. ಹಿಟ್ಟಿನ ಗಿರಣಿಯಲ್ಲಿ ಮೋಟಾರಿನಿಂದ ಕಲ್ಲಿಗೆ ಬಲ ಸಾಗುವುದೂ ಹೀಗೆಯೇ. ಯಶವಂತಪುರ ಸ್ಟೇಷನ್ನಿನಲ್ಲಿ ಹಳೆಯ ನೀಲಿ ಬೋಗಿಯ ರೈಲು ನಿಂತಿದ್ದರೆ ಪ್ಲಾಟ್‌ಫಾರ್ಮಿನ ಆಚೆ ಬದಿಯಿಂದ ಅದರ ಅಡಿಗೆ ಕಣ್ಣು ಹಾಯಿಸಿ. ಅಚ್ಚಿನ ಮೇಲೊಂದು ಪುಲ್ಲಿ, ಅಲ್ಲಿಂದ ಸಾಲಾಗಿ ವಿ-ಬೆಲ್ಟುಗಳು, ಅವುಗಳ ತುದಿಯಲ್ಲಿ ಆಲ್ಟರ್ನೇಟರ್. ಬೋಗಿಯ ದೀಪ, ಫ್ಯಾನುಗಳಿಗೆ ಕರೆಂಟು ಬರುವುದು ಚಕ್ರ ಉರುಳಿದಾಗ ತಿರುಗುವ ಆ ಬೆಲ್ಟುಗಳಿಂದ.

ಫ್ಯಾನ್ ಬೆಲ್ಟ್ ಎಂಬ ಹೆಸರು ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ್ದು. ಅಂಬಾಸಡರಿನಲ್ಲಿ ಒಂದೇ ಒಂದು ವಿ-ಬೆಲ್ಟು ಡೈನಮೋ, ವಾಟರ್ ಪಂಪ್, ರೇಡಿಯೇಟರ್ ಹಿಂದಿನ ಫ್ಯಾನ್ ಮೂರನ್ನೂ ತಿರುಗಿಸುತ್ತಿತ್ತು. ಅದು ಕಿತ್ತರೆ ಚಾರ್ಜ್ ಇಲ್ಲ, ನೀರು ಸುತ್ತುವುದಿಲ್ಲ, ಗಾಳಿಯಿಲ್ಲ. ನಂದಿ ಬೆಟ್ಟ ಹತ್ತುವಾಗ ಕಿತ್ತರಂತೂ ಮುಗಿದೇಹೋಯಿತು. ಅದಕ್ಕೇ ಆ ಕಾಲದ ಡ್ರೈವರುಗಳು ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕಿ, ಜೊತೆಗೊಂದು ಹೊಸ ಫ್ಯಾನ್ ಬೆಲ್ಟ್ ಇಟ್ಟುಕೊಂಡೇ ಹೊರಡುತ್ತಿದ್ದರು. ಎರಡು ನಟ್ಟು ಸಡಿಲಿಸಿ, ಡೈನಮೋ ಒಳಕ್ಕೆ ಒತ್ತಿ, ಬೆಲ್ಟು ಏರಿಸಿ, ಮತ್ತೆ ಡೈನಮೋ ಹೊರಕ್ಕೆ ಎಳೆದು ಬಿಗಿ ಮಾಡಿದರೆ ಗಾಡಿ ಹೊರಟಿತು. ಮಾರುತಿ 800 ಬಂದ ಮೇಲೆ ಸಣ್ಣ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಕರೆಂಟಿನದಾಯಿತು, ಬೆಲ್ಟಿಗೂ ಫ್ಯಾನಿಗೂ ನಂಟು ಕಡಿಯಿತು. ಹೆಸರು ಮಾತ್ರ ಗ್ಯಾರೇಜಿನಲ್ಲಿ ಉಳಿದುಕೊಂಡಿದೆ. ಮೆಕ್ಯಾನಿಕ್ ‘ಫ್ಯಾನ್ ಬೆಲ್ಟ್’ ಅಂದರೆ ಹೊರಗಿನ ಬೆಲ್ಟು ಎಂದು ತಿಳಿದುಕೊಳ್ಳಿ. ನಿಮ್ಮ ಇನ್ನೋವಾ ತರಹ ಇಂಜಿನ್ನನ್ನು ಉದ್ದಕ್ಕೆ ಕೂರಿಸಿರುವ ದೊಡ್ಡ ಡೀಸೆಲ್ ಗಾಡಿಗಳಲ್ಲಿ ಫ್ಯಾನನ್ನು ಇಂದಿಗೂ ಇಂಜಿನ್ನೇ ತಿರುಗಿಸುತ್ತದೆ. ಹಾಗಾಗಿ ನಿಮ್ಮ ವಿಷಯದಲ್ಲಿ ಆ ಹೆಸರು ಸರಿಯಾಗಿಯೇ ಇದೆ.

ಹೊರಗೆ ಒಂದೇ ಬೆಲ್ಟು ಇರಬೇಕೆಂದಿಲ್ಲ. ಹಳೆಯ ಕಾರುಗಳಲ್ಲಿ ಆಲ್ಟರ್ನೇಟರಿಗೆ ಒಂದು, ಎಸಿಗೆ ಒಂದು, ಪವರ್ ಸ್ಟೀರಿಂಗಿಗೆ ಒಂದು ಹೀಗೆ ಎರಡು ಮೂರು ಇರುತ್ತಿದ್ದವು. ಅದಕ್ಕೇ ಎಸಿ ಬೆಲ್ಟ್, ಸ್ಟೀರಿಂಗ್ ಬೆಲ್ಟ್ ಎಂಬ ಹೆಸರುಗಳು ಬೇರೆ ಬೇರೆ. ವಿ-ಬೆಲ್ಟಿನ ಅಡ್ಡಕೊಯ್ತ ಮೇಲೆ ಅಗಲ, ಕೆಳಗೆ ಕಿರಿದು. ಪುಲ್ಲಿಯ ತೋಡಿನಲ್ಲಿ ಬೆಣೆ ಸಿಕ್ಕಿದ ಹಾಗೆ ಕೂತು ಹಿಡಿಯುತ್ತದೆ. ಆದರೆ ಅದು ದಪ್ಪ, ಸಣ್ಣ ಪುಲ್ಲಿಯ ಸುತ್ತ ಸುಲಭವಾಗಿ ಬಾಗುವುದಿಲ್ಲ. ಆಮೇಲೆ ಬಂದದ್ದು ಪಟ್ಟಿಯ ಹಾಗೆ ಅಗಲ, ತೆಳು, ಒಳಮೈಯಲ್ಲಿ ಉದ್ದುದ್ದಕ್ಕೆ ನಾಲ್ಕೋ ಆರೋ ಏಣುಗಳಿರುವ ಬೆಲ್ಟು. ಹಾವಿನ ಹಾಗೆ ಎಲ್ಲ ಪುಲ್ಲಿಗಳನ್ನೂ ಬಳಸಿಕೊಂಡು, ಕೆಲವನ್ನು ಬೆನ್ನಿನಿಂದಲೂ ಉಜ್ಜಿಕೊಂಡು, ಒಂದೇ ಬೆಲ್ಟು ಎಲ್ಲವನ್ನೂ ತಿರುಗಿಸಬಲ್ಲದು. 1979ರ ಫೋರ್ಡ್ ಮಸ್ಟಾಂಗ್ ಈ ಏರ್ಪಾಡಿನೊಂದಿಗೆ ಬಂತು, ಈಗ ಬಹುಪಾಲು ಕಾರುಗಳಲ್ಲಿ ಇದೇ. ಇದರ ಬೆನ್ನ ಮೇಲೆ 6ಪಿಕೆ1835 ಎಂಬಂಥ ಒಂದು ಗುರುತು ಇರುತ್ತದೆ. ಆರು ಏಣು, ಪಿಕೆ ಎಂಬ ಅಳತೆಯ ಜಾತಿ, ಉದ್ದ 1,835 ಮಿಲಿಮೀಟರ್ ಎಂದು ಅದರ ಅರ್ಥ. ಹೊಸ ಬೆಲ್ಟು ತಂದಾಗ ಹಳೆಯದರ ಗುರುತಿನೊಂದಿಗೆ ನೀವೇ ಹೋಲಿಸಿ ನೋಡಬಹುದು. ಹತ್ತು ಮಿಲಿಮೀಟರ್ ಹೆಚ್ಚು ಉದ್ದದ ಬೆಲ್ಟು ‘ಕೂರುತ್ತೆ ಬಿಡಿ’ ಎಂದು ಹಾಕಿದರೆ ತಿಂಗಳಲ್ಲಿ ಮತ್ತೆ ಕಿರುಚುತ್ತದೆ.

ಈಗ ನಿಮ್ಮ ಬೆಳಗಿನ ‘ಕಿರ್ರ್’. ರಾತ್ರಿಯ ಇಬ್ಬನಿ ಬೆಲ್ಟಿನ ಮೇಲೆ ಕೂತಿರುತ್ತದೆ. ಸ್ಟಾರ್ಟ್ ಮಾಡಿದಾಗ ಬ್ಯಾಟರಿಯಿಂದ ಒಮ್ಮೆಲೇ ಬಹಳ ಕರೆಂಟು ಖರ್ಚಾಗಿರುತ್ತದೆ. ಇಂಜಿನ್ ಹತ್ತಿಕೊಂಡ ಕೂಡಲೇ ಆಲ್ಟರ್ನೇಟರ್ ಅದನ್ನು ತುಂಬಲು ಶುರುಮಾಡುತ್ತದೆ, ತಿರುಗಲು ಭಾರವಾಗುತ್ತದೆ. ಬೆಲ್ಟು ಹೊಸದಾಗಿದ್ದರೆ ಆ ಭಾರ ತಡೆಯುತ್ತದೆ, ಸವೆದಿದ್ದರೆ ಅಥವಾ ಸಡಿಲವಿದ್ದರೆ ಜಾರುತ್ತದೆ. ಜಾರುವ ರಬ್ಬರು ಕಿರುಚುತ್ತದೆ. ಅರ್ಧ ನಿಮಿಷದಲ್ಲಿ ಇಬ್ಬನಿ ಆರಿ, ಬ್ಯಾಟರಿಯ ಹಸಿವೂ ತಗ್ಗಿ ಸದ್ದು ನಿಲ್ಲುತ್ತದೆ. ಮೆಕ್ಯಾನಿಕ್ಕುಗಳು ಒಂದು ಸಣ್ಣ ಪರೀಕ್ಷೆ ಮಾಡುತ್ತಾರೆ: ಓಡುತ್ತಿರುವ ಬೆಲ್ಟಿನ ಏಣುಗಳ ಮೇಲೆ ದೂರದಿಂದ ಸ್ವಲ್ಪ ನೀರು ಚಿಮುಕಿಸುವುದು. ಸದ್ದು ಜಾಸ್ತಿಯಾದರೆ ಬಿಗಿ ಸಾಲದು, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿದೆ. ಸದ್ದು ಒಂದು ಕ್ಷಣ ನಿಂತು ಮತ್ತೆ ಗುಬ್ಬಿ ಚಿಲಿಪಿಲಿಯ ಹಾಗೆ ಶುರುವಾದರೆ ಯಾವುದೋ ಪುಲ್ಲಿ ಸಾಲಿನಿಂದ ಪಕ್ಕಕ್ಕೆ ಸರಿದಿದೆ. ಇದನ್ನು ಅವರೇ ಮಾಡಲಿ. ನೀವು ಸೀರೆಯಲ್ಲೋ ದುಪಟ್ಟಾದಲ್ಲೋ ಓಡುವ ಇಂಜಿನ್ ಮೇಲೆ ಬಗ್ಗಬೇಡಿ. ಸೆರಗಿನ ತುದಿ ಸಿಕ್ಕಿದರೂ ಆ ಬೆಲ್ಟು ಬಿಡುವುದಿಲ್ಲ.

ಸದ್ದು ನಿಲ್ಲಲಿ ಎಂದು ಬೆಲ್ಟಿಗೆ ಸೋಪು, ಮೇಣ, ಪೌಡರು ಹಚ್ಚುವ ರೂಢಿಯಿದೆ. ಬೇಡ. ಸದ್ದು ನಾಲ್ಕು ದಿನ ಅಡಗುತ್ತದೆ, ಜಾರುವುದು ಹೆಚ್ಚುತ್ತದೆ, ಜಾರುವ ಬಿಸಿಗೆ ರಬ್ಬರು ಗಾಜಿನಂತೆ ನುಣುಪಾಗುತ್ತದೆ.

ಇನ್ನೊಂದು ಮಾತು. ಬೆಲ್ಟು ಚೆನ್ನಾಗಿದೆಯೇ ಎಂದು ನೋಡಲು ಬಿರುಕು ಹುಡುಕುವುದು ಹಳೆಯ ಪಾಠ. ಹಿಂದಿನ ನಿಯೋಪ್ರೀನ್ ರಬ್ಬರಿನ ಬೆಲ್ಟು ಹಳತಾದಂತೆ ಅಡ್ಡಡ್ಡ ಸೀಳುತ್ತಿತ್ತು. ಈಗಿನವು ಇಪಿಡಿಎಂ ಎಂಬ ಬೇರೆ ರಬ್ಬರಿನವು. ಅವು ಸುಲಭಕ್ಕೆ ಬಿರಿಯುವುದಿಲ್ಲ, ಟೈರಿನ ಹಾಗೆ ಸವೆಯುತ್ತವೆ. ಏಣುಗಳ ನಡುವಿನ ತೋಡು ಆಳವಾಗುತ್ತಾ ಹೋಗಿ ಕೊನೆಗೆ ಪುಲ್ಲಿಯ ಏಣು ಬೆಲ್ಟಿನ ತಳ ಮುಟ್ಟುತ್ತದೆ, ಹಿಡಿತ ತಪ್ಪುತ್ತದೆ. ಬಿರುಕಿಲ್ಲ ಎಂಬ ಒಂದೇ ಕಾರಣಕ್ಕೆ ಬೆಲ್ಟು ಗಟ್ಟಿಯಿದೆ ಎನ್ನುವಂತಿಲ್ಲ. ಬಳ್ಳಾರಿ ರಸ್ತೆಯಲ್ಲಿ ಮೆಟ್ರೋ ಕಾಮಗಾರಿಯ ಸಿಮೆಂಟು ಧೂಳಿನ ನಡುವೆ ದಿನಾ ಓಡಾಡುವ ಗಾಡಿಗೆ ಈ ಸವೆತ ಇನ್ನೂ ಬೇಗ. ಆ ಧೂಳು ಉಪ್ಪುಕಾಗದದ ಹಾಗೆ ಉಜ್ಜುತ್ತದೆ.

ಈ ಹೊರಗಿನ ಬೆಲ್ಟು ದಾರಿಯಲ್ಲಿ ಕಿತ್ತರೆ? ಬ್ಯಾಟರಿಯ ಕೆಂಪು ದೀಪ ಹತ್ತುತ್ತದೆ, ಎಸಿ ಬಿಸಿ ಗಾಳಿ ಬಿಡುತ್ತದೆ. ಸ್ಟೀರಿಂಗ್ ಪಂಪೂ ಅದಕ್ಕೇ ಜೋಡಿಸಿದ್ದರೆ ಸ್ಟೀರಿಂಗ್ ಕಲ್ಲಿನ ಹಾಗಾಗುತ್ತದೆ. ವಾಟರ್ ಪಂಪೂ ಅದರ ಮೇಲಿದ್ದರೆ ಟೆಂಪರೇಚರ್ ಮುಳ್ಳು ಏರಲು ಶುರುಮಾಡುತ್ತದೆ, ಅದು ಕೆಂಪು ಗೆರೆ ಮುಟ್ಟುವ ಮೊದಲೇ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಬೇಕು. ಹಲವು ಹಳೆಯ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಪಂಪನ್ನು ಆಲ್ಟರ್ನೇಟರಿನ ಬೆನ್ನಿಗೇ ಕೂರಿಸಿರುತ್ತಾರೆ. ಅಂಥ ಗಾಡಿಯಲ್ಲಿ ಬೆಲ್ಟು ಕಿತ್ತರೆ ಎರಡು ಮೂರು ಸಲ ಬ್ರೇಕ್ ಒತ್ತಿದ ಮೇಲೆ ಪೆಡಲ್ ಗಟ್ಟಿಯಾಗುತ್ತದೆ, ಬಹಳ ಹೆಚ್ಚು ಬಲ ಹಾಕಿ ತುಳಿಯಬೇಕು. ಇದು ಗೊತ್ತಿದ್ದರೆ ಗಾಬರಿ ಕಡಿಮೆ. ಇಷ್ಟೆಲ್ಲ ಆದರೂ, ಹೊತ್ತಿಗೆ ಸರಿಯಾಗಿ ನಿಲ್ಲಿಸಿದರೆ ಇಂಜಿನ್ನಿಗೆ ಸಾಮಾನ್ಯವಾಗಿ ಅಪಾಯವಿಲ್ಲ. ಹೊಸ ಬೆಲ್ಟು ಹಾಕಿದರೆ ಅದೇ ಸಂಜೆ ಮನೆಗೆ ಬರಬಹುದು.

ಟೈಮಿಂಗ್ ಬೆಲ್ಟಿನ ಕಥೆ ಬೇರೆ. ಬಾನೆಟ್ ಎತ್ತಿದರೂ ಅದು ಕಾಣುವುದಿಲ್ಲ, ಪ್ಲಾಸ್ಟಿಕ್ ಮುಚ್ಚಳದ ಒಳಗಿರುತ್ತದೆ. ಸಿಲಿಂಡರಿನೊಳಗೆ ಪಿಸ್ಟನ್ ಏರಿಳಿಯುತ್ತದೆ, ಮೇಲೆ ವಾಲ್ವುಗಳೆಂಬ ಬಾಗಿಲುಗಳು ತೆರೆದು ಮುಚ್ಚುತ್ತವೆ. ಪಿಸ್ಟನ್ನನ್ನು ಆಡಿಸುವುದು ಕೆಳಗಿನ ಕ್ರ್ಯಾಂಕ್ ಶಾಫ್ಟ್, ವಾಲ್ವುಗಳನ್ನು ಆಡಿಸುವುದು ಮೇಲಿನ ಕ್ಯಾಮ್ ಶಾಫ್ಟ್. ಕೆಳಗಿನದು ಎರಡು ಸುತ್ತು ಬರುವಾಗ ಮೇಲಿನದು ಸರಿಯಾಗಿ ಒಂದು ಸುತ್ತು ಬರಬೇಕು, ಹೆಚ್ಚಿಲ್ಲ ಕಡಿಮೆಯಿಲ್ಲ. ಇಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ ಪ್ರತಿ ವಾಲ್ವೂ ನಿಮಿಷಕ್ಕೆ 1,000 ಸಲ ತೆರೆದು ಮುಚ್ಚುತ್ತದೆ, ಸೆಕೆಂಡಿಗೆ ಹದಿನಾರು ಹದಿನೇಳು ಸಲ. ಈ ಎರಡು ಶಾಫ್ಟುಗಳನ್ನೂ ಹೊತ್ತು ತಪ್ಪದಂತೆ ಕಟ್ಟಿಹಾಕಿರುವುದು ಹಲ್ಲುಗಳಿರುವ ಆ ರಬ್ಬರು ಪಟ್ಟಿ. ಅದರೊಳಗೆ ಗಾಜಿನ ನಾರಿನ ಹುರಿಗಳಿವೆ, ಹಲ್ಲುಗಳ ಮೇಲೆ ನೈಲಾನ್ ಬಟ್ಟೆಯ ಹೊದಿಕೆಯಿದೆ.

ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹಿಂಡಿ ಹಿಂಡಿ ಬಿಸಿ ಮಾಡಿಯೇ ಡೀಸೆಲ್ ಹೊತ್ತಿಸಬೇಕು. ಅದಕ್ಕಾಗಿ ಪಿಸ್ಟನ್ ಮೇಲೆ ಬಂದಾಗ ಸಿಲಿಂಡರಿನ ಮುಚ್ಚಳವಾದ ಹೆಡ್ಡಿಗೂ ಅದಕ್ಕೂ ನಡುವೆ ಒಂದು ಮಿಲಿಮೀಟರ್ ಆಸುಪಾಸಿನ ಸಂದು ಮಾತ್ರ ಉಳಿದಿರುತ್ತದೆ. ಅಷ್ಟರಲ್ಲಿ ತೆರೆದ ವಾಲ್ವಿಗೆ ಜಾಗವೆಲ್ಲಿ? ಬೆಲ್ಟು ಕಿತ್ತ ಕ್ಷಣ ಕ್ಯಾಮ್ ಶಾಫ್ಟ್ ನಿಲ್ಲುತ್ತದೆ, ಕೆಲವು ವಾಲ್ವು ತೆರೆದೇ ಉಳಿಯುತ್ತವೆ. ಕೆಳಗೆ ಕ್ರ್ಯಾಂಕ್ ಶಾಫ್ಟ್ ಮಾತ್ರ ಗಾಡಿಯ ಓಟದಿಂದಲೇ ಇನ್ನೂ ತಿರುಗುತ್ತಿರುತ್ತದೆ. ಪಿಸ್ಟನ್ ಮೇಲೆ ಬಂದು ವಾಲ್ವಿಗೆ ಬಡಿಯುತ್ತದೆ. ಸೂಜಿ ಕೊಕ್ಕೆಗೆ ಬಡಿದ ಹಾಗೆ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಡೀಸೆಲ್ ಕಾರು ಕೊಂಡಿದ್ದೆ. ಮಾರಿದವರು ಟೈಮಿಂಗ್ ಬೆಲ್ಟು ಹಾಕಿಸಿದ್ದೇವೆ ಎಂದರು. ಬಿಲ್ಲು ಇರಲಿಲ್ಲ, ನಾನೂ ಕೇಳಲಿಲ್ಲ. ದೇವನಹಳ್ಳಿಯಿಂದ ಮನೆಗೆ ಬರುವಾಗ ಚಿಕ್ಕಜಾಲದ ಹತ್ತಿರ, ಒಳ್ಳೆಯ ವೇಗದಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ಇಂಜಿನ್ ಆರಿಹೋಯಿತು. ಕಿರುಚಲಿಲ್ಲ, ಹೊಗೆಯಿಲ್ಲ, ರೇಡಿಯೋ ಹಾಡುತ್ತಲೇ ಇತ್ತು. ಹೆಂಡತಿ ಹಿಂದಿನ ಸೀಟಿನಲ್ಲಿ ಮಗುವನ್ನು ಮಲಗಿಸಿಕೊಂಡಿದ್ದಳು. ವಿಮಾನ ನಿಲ್ದಾಣದ ಟ್ಯಾಕ್ಸಿಗಳು ಎರಡೂ ಕಡೆ ಬಾಣದ ಹಾಗೆ ಹೋಗುತ್ತಿದ್ದವು. ಹೇಗೋ ಎಡಕ್ಕೆ ಉರುಳಿಸಿ ನಿಲ್ಲಿಸಿ ಮತ್ತೆ ಚಾವಿ ತಿರುಗಿಸಿದೆ. ಸ್ಟಾರ್ಟರ್ ‘ಸುಯ್ಯ್’ ಎಂದು ಹಗುರವಾಗಿ ಸುತ್ತಿತು, ಒಳಗೆ ಏನೂ ಇಲ್ಲವೇನೋ ಎನ್ನುವ ಹಾಗೆ. ಆ ಹಗುರ ಸದ್ದಿನ ಅರ್ಥ ಆಗ ನನಗೆ ಗೊತ್ತಿರಲಿಲ್ಲ: ವಾಲ್ವು ಮುಚ್ಚುತ್ತಿಲ್ಲ, ಗಾಳಿ ಹಿಂಡಿಕೊಳ್ಳುತ್ತಿಲ್ಲ. ನಾಲ್ಕೈದು ಸಲ ಚಾವಿ ತಿರುಗಿಸಿದೆ. ಪ್ರತಿ ಸಲವೂ ಒಳಗಿನ ಗಾಯ ಕೆದಕುತ್ತಿದ್ದೆ. ಗ್ಯಾರೇಜಿನಲ್ಲಿ ಹೆಡ್ ಇಳಿಸಿದಾಗ ವಾಲ್ವುಗಳು ಬಾಗಿದ್ದವು, ಪಿಸ್ಟನ್ ತಲೆಯ ಮೇಲೆ ಅರ್ಧಚಂದ್ರದ ಹಾಗೆ ಬಡಿದ ಗುರುತುಗಳಿದ್ದವು. ಬೆಲ್ಟಿನ ಕೆಲಸಕ್ಕೆ ಆಗುತ್ತಿದ್ದ ಖರ್ಚಿನ ಎಷ್ಟೋ ಪಟ್ಟು ಕೊಟ್ಟು ಬಂದೆ. ದುಡ್ಡಿಗಿಂತಲೂ ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗು ಇಂದಿಗೂ ನೆನಪಾಗುತ್ತದೆ. ನಿಮ್ಮ ಪತ್ರಕ್ಕೆ ಇಷ್ಟುದ್ದ ಉತ್ತರ ಬರೆಯಲು ಅದೇ ಕಾರಣ.

ಹೊರಗಿನ ಬೆಲ್ಟು ಕಿರುಚಿ ಹೇಳುತ್ತದೆ. ಟೈಮಿಂಗ್ ಬೆಲ್ಟಿಗೆ ಹಲ್ಲುಗಳಿರುವುದರಿಂದ ಅದು ಜಾರುವುದಿಲ್ಲ, ಜಾರದ್ದು ಕಿರುಚುವುದಿಲ್ಲ. ‘ಸದ್ದಿಲ್ಲ’ ಎಂಬ ನಿಮ್ಮ ಮೈದುನನ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ.

ಇನ್ನು ದೀಪ. ನಿಮ್ಮ ಇನ್ನೋವಾದ ಮೀಟರ್ ಬೋರ್ಡಿನಲ್ಲಿ ಟಿ-ಬೆಲ್ಟ್ ಎಂಬ ದೀಪ ಇರುವುದು ನಿಜ. ಆದರೆ ಅದಕ್ಕೆ ಬೆಲ್ಟಿನೊಂದಿಗೆ ಯಾವ ತಂತಿಯ ಸಂಬಂಧವೂ ಇಲ್ಲ. ಅದು ಕಿಲೋಮೀಟರ್ ಎಣಿಸುತ್ತದೆ, ಗೊತ್ತುಮಾಡಿದ ಅಂಕಿ ಮುಟ್ಟಿದಾಗ ಹತ್ತುತ್ತದೆ. ಬೆಲ್ಟು ಬದಲಾಯಿಸಿದ ಮೇಲೆ ಬಟನ್ ಒತ್ತಿ ಅದನ್ನು ಸೊನ್ನೆಗೆ ತರುತ್ತಾರೆ. ಬದಲಾಯಿಸದೆಯೂ ತರಬಹುದು, ಹಳೆಯ ಗಾಡಿ ಕೊಳ್ಳುವವರು ಇದನ್ನು ನೆನಪಿಡಬೇಕು. ವರ್ಷ ಎಷ್ಟಾಯಿತು, ಇಂಜಿನ್ ಎಷ್ಟು ಗಂಟೆ ತಿರುಗಿತು, ಎಣ್ಣೆ ಸೋರಿ ಬೆಲ್ಟಿನ ಮೇಲೆ ಬಿತ್ತೇ ಎಂಬುದು ಆ ದೀಪಕ್ಕೆ ತಿಳಿಯುವುದಿಲ್ಲ.

ಗಂಟೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ನಿಮ್ಮ ದಾರಿ ಕೊಡಿಗೆಹಳ್ಳಿ ಗೇಟು, ಹೆಬ್ಬಾಳ ಮೇಲ್ಸೇತುವೆಗಳದ್ದು. ಬೆಲ್ಟು ದಣಿಯುವುದು ಗಾಡಿ ಸಾಗಿದ ದೂರಕ್ಕಲ್ಲ, ತಾನು ಪುಲ್ಲಿಯ ಸುತ್ತ ಬಾಗಿದ ಲೆಕ್ಕಕ್ಕೆ. ಹೆಬ್ಬಾಳದ ಜಾಮಿನಲ್ಲಿ ಗಾಡಿ ನಿಂತೇ ಇದ್ದರೂ ಇಂಜಿನ್ ನಿಮಿಷಕ್ಕೆ 800 ಸುತ್ತಿನ ಹಾಗೆ ತಿರುಗುತ್ತಿದ್ದರೆ ಗಂಟೆಗೆ 48,000 ಸುತ್ತು. ಮೀಟರಿನಲ್ಲಿ ಸೊನ್ನೆ. ನಿಮ್ಮ ಗಾಡಿಯ ಸರಾಸರಿ ವೇಗ ಗಂಟೆಗೆ 20 ಕಿಲೋಮೀಟರ್ ಎಂದಿಟ್ಟುಕೊಂಡರೆ 58,000 ಕಿಲೋಮೀಟರಿಗೆ ಇಂಜಿನ್ 2,900 ಗಂಟೆ ದುಡಿದಿದೆ. ಸರಾಸರಿ 60ರ ವೇಗದಲ್ಲಿ ಹೆದ್ದಾರಿಯಲ್ಲೇ ಓಡಾಡುವ ಗಾಡಿ ಅಷ್ಟು ಗಂಟೆಯಲ್ಲಿ 1,74,000 ಕಿಲೋಮೀಟರ್ ಮುಗಿಸಿರುತ್ತಿತ್ತು. ಹೆದ್ದಾರಿಯಲ್ಲಿ ಇಂಜಿನ್ ಹೆಚ್ಚು ಸುತ್ತುತ್ತದೆ, ಅದನ್ನು ಕಳೆದರೂ ನಿಮ್ಮ ಬೆಲ್ಟಿನ ದುಡಿಮೆ ಹೆದ್ದಾರಿಯ ಒಂದು ಲಕ್ಷ ಕಿಲೋಮೀಟರಿಗೆ ಸಮ ಎನ್ನಬಹುದು. ಸಾಮಾನ್ಯವಾಗಿ ಕಂಪನಿಗಳು ಟೈಮಿಂಗ್ ಬೆಲ್ಟಿಗೆ ಕೊಡುವ ಆಯುಸ್ಸು ಗಾಡಿಯನ್ನು ನೋಡಿಕೊಂಡು 60,000ದಿಂದ 1,50,000 ಕಿಲೋಮೀಟರ್, ಜೊತೆಗೆ ಇಷ್ಟು ವರ್ಷ ಎಂಬ ಮಿತಿ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು. ರಬ್ಬರು ನಿಂತಲ್ಲೇ ಮುದಿಯಾಗುತ್ತದೆ. 2014ರಲ್ಲಿ ಕೊಂಡ ಚಪ್ಪಲಿಯನ್ನು ಮೂಲೆಯಲ್ಲಿಟ್ಟು ಈಗ ಹಾಕಿಕೊಂಡು ನೋಡಿ, ಅಟ್ಟೆ ಪುಡಿಯಾಗುತ್ತದೆ.

ಯಲಹಂಕದವರಾದ್ದರಿಂದ ನೀರಿನ ಮಾತೂ ಹೇಳಬೇಕು. 2021ರ ನವೆಂಬರಿನಲ್ಲಿ, ಮತ್ತೆ 2024ರ ಅಕ್ಟೋಬರಿನಲ್ಲಿ ಕೆರೆಯ ನೀರು ನುಗ್ಗಿ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ಆವರಣದಲ್ಲಿ ದೋಣಿ ಬಿಡುವ ಹಾಗಾಗಿತ್ತು. ನಿಮ್ಮ ಗಾಡಿ ಎಂದಾದರೂ ಬಾನೆಟ್ ಮಟ್ಟ ನೀರಿನಲ್ಲಿ ನಿಂತಿದ್ದರೆ, ಅದು ಯಾವ ವರ್ಷವೇ ಆಗಿರಲಿ, ಮೆಕ್ಯಾನಿಕ್ಕಿಗೆ ಹೇಳಿ. ಕೆಸರು ನೀರು ಟೈಮಿಂಗ್ ಮುಚ್ಚಳದೊಳಗೆ ಹೋದರೆ ಮರಳು ಹಲ್ಲುಗಳ ನಡುವೆ ಉಳಿಯುತ್ತದೆ, ಟೆನ್ಷನರ್ ಬೇರಿಂಗಿನ ಗ್ರೀಸು ತೊಳೆದುಹೋಗುತ್ತದೆ. ಬೆಲ್ಟಿಗಿಂತ ಮೊದಲು ಬೇರಿಂಗ್ ಜಾಮ್ ಆಗಿ ಬೆಲ್ಟನ್ನು ಕೊಲ್ಲುವುದೂ ಉಂಟು.

ಎಲ್ಲ ಕಾರಿಗೂ ಟೈಮಿಂಗ್ ಬೆಲ್ಟು ಇರುವುದಿಲ್ಲ. ಮಾರುತಿ 800, ಓಮ್ನಿ, ಮೊದಲ ಸ್ಯಾಂಟ್ರೋ, ಡಸ್ಟರ್ ಡೀಸೆಲ್ ಇವುಗಳಲ್ಲಿ ಬೆಲ್ಟು. ಹಳೆಯ ಅಂಬಾಸಡರಿನಲ್ಲಿ, ಸ್ವಿಫ್ಟಿನ 1.3 ಲೀಟರ್ ಡೀಸೆಲ್ಲಿನಲ್ಲಿ, ಮಾರುತಿಯ ಕೆ ಸರಣಿಯ ಪೆಟ್ರೋಲ್ ಇಂಜಿನ್ನುಗಳಲ್ಲಿ ಬೆಲ್ಟಿನ ಬದಲು ಚೈನು. ಒಂದೇ ಹೆಸರಿನ ಗಾಡಿಯಲ್ಲೂ ಬದಲಾಗುತ್ತದೆ: ಬಿಡದಿಯಲ್ಲಿ ತಯಾರಾದ ನಿಮ್ಮ 2.5 ಲೀಟರ್ ಇನ್ನೋವಾದಲ್ಲಿ ಬೆಲ್ಟು, 2016ರಲ್ಲಿ ಅಲ್ಲಿಂದಲೇ ಬಂದ ಕ್ರಿಸ್ಟಾದ 2.4 ಡೀಸೆಲ್ಲಿನಲ್ಲಿ ಚೈನು. ‘ನಮ್ಮ ಇನ್ನೋವಾಗೆ ಬೆಲ್ಟೇ ಇಲ್ಲ’ ಎಂದು ನೆರೆಯವರು ಹೇಳಿದರೆ ಅವರದು ಯಾವುದೆಂದು ಕೇಳಿ. ಚೈನು ಇಂಜಿನ್ ಆಯಿಲ್ಲಿನಲ್ಲೇ ನೆನೆದು ಓಡುತ್ತದೆ, ಆಯಿಲ್ ಹೊತ್ತಿಗೆ ಬದಲಿಸಿದರೆ ಬಹುಕಾಲ ಬಾಳುತ್ತದೆ. ಬದಲಿಸದಿದ್ದರೆ ಅದೂ ಸವೆದು ಉದ್ದವಾಗಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸರಪಳಿ ಅಲುಗಿದಂತೆ ಸದ್ದು ಮಾಡುತ್ತದೆ. ಮೂರನೆಯ ಬಗೆಯೂ ಇದೆ. 2017ರ ನಂತರದ ಇಕೋಸ್ಪೋರ್ಟ್ ಪೆಟ್ರೋಲಿನಲ್ಲಿ ಬೆಲ್ಟನ್ನೇ ಆಯಿಲ್ಲಿನೊಳಗೆ ಓಡಿಸುತ್ತಾರೆ. ಅಂಥ ಗಾಡಿಗೆ ಹೇಳಿದ ಆಯಿಲ್ ಬಿಟ್ಟು ಬೇರೆ ಹಾಕಿದರೆ ರಬ್ಬರು ಉದುರಿ, ಆ ಚೂರುಗಳು ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚಬಹುದು.

ನಿಮ್ಮ ಗಾಡಿಗೆ ಮಾಡಿಸಬೇಕಾದದ್ದು ಇಷ್ಟು. ಟೈಮಿಂಗ್ ಬೆಲ್ಟಿನ ಜೊತೆ ಟೆನ್ಷನರ್, ಬೆಲ್ಟಿನ ದಾರಿ ತಿರುಗಿಸುವ ಐಡ್ಲರ್ ಪುಲ್ಲಿ ಇದ್ದರೆ ಅದು, ಅವುಗಳ ಬೇರಿಂಗ್ ಎಲ್ಲವನ್ನೂ ಒಟ್ಟಿಗೇ ಬದಲಾಯಿಸಲು ಹೇಳಿ. ಬೆಲ್ಟು ಹೊಸದು, ಬೇರಿಂಗ್ ಹತ್ತು ವರ್ಷ ದಾಟಿದ್ದು ಎಂದರೆ ಹೊಸ ಬಾವಿಗೆ ಹಳೆಯ ಹಗ್ಗ ಹಾಕಿದಂತೆ. ಕೆಲವು ಕಾರುಗಳಲ್ಲಿ ವಾಟರ್ ಪಂಪನ್ನೂ ಟೈಮಿಂಗ್ ಬೆಲ್ಟೇ ತಿರುಗಿಸುತ್ತದೆ. ಅಲ್ಲಿ ಪಂಪನ್ನೂ ಆಗಲೇ ಬದಲಿಸುವುದು ಜಾಣತನ, ಯಾಕೆಂದರೆ ಬಿಚ್ಚುವ ಕೂಲಿ ಎರಡು ಸಲ ಕೊಡಬೇಕಾಗಿಲ್ಲ. ಕ್ರ್ಯಾಂಕ್, ಕ್ಯಾಮ್ ಆಯಿಲ್ ಸೀಲುಗಳು ಒಸರುತ್ತಿವೆಯೇ ನೋಡಲಿ, ಎಣ್ಣೆ ಬಿದ್ದ ರಬ್ಬರು ಉಬ್ಬಿ ಹಲ್ಲು ಕಳಚುತ್ತದೆ. ಹೊರಗಿನ ಬೆಲ್ಟನ್ನೂ ಅದೇ ದಿನ ಹಾಕಿಸಿ. ಅದು ಹರಿದು ಅದರ ನಾರು ಟೈಮಿಂಗ್ ಮುಚ್ಚಳದೊಳಗೆ ಸಿಕ್ಕಿಕೊಂಡು, ಕಿರುಚುವ ಬೆಲ್ಟೇ ಸುಮ್ಮನಿರುವ ಬೆಲ್ಟನ್ನು ಹಾಳುಮಾಡಿದ ಉದಾಹರಣೆಗಳಿವೆ.

ಹೊಸ ಟೈಮಿಂಗ್ ಬೆಲ್ಟನ್ನು ಯಾರೂ ಮಡಚಿ, ತಿರುಚಿ, ಬೆರಳಿನಲ್ಲಿ ಚಿಕ್ಕದಾಗಿ ಸುತ್ತಿ ಜೇಬಿಗೆ ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಒಳಗಿನ ಗಾಜಿನ ನಾರು ಹೊರಗೆ ಕಾಣದಂತೆ ಮುರಿಯುತ್ತದೆ. ಜೋಡಿಸಿದ ಮೇಲೆ ಚಾವಿ ಹಾಕುವ ಮೊದಲು ಸ್ಪ್ಯಾನರಿನಿಂದ ಇಂಜಿನ್ನನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಪುಲ್ಲಿಗಳ ಮೇಲಿನ ಟೈಮಿಂಗ್ ಗುರುತುಗಳು ಮತ್ತೆ ಸರಿಯಾಗಿ ಕೂಡುತ್ತವೆಯೇ ಎಂದು ನೋಡುವುದು ಒಳ್ಳೆಯ ಮೆಕ್ಯಾನಿಕ್ಕಿನ ಲಕ್ಷಣ. ಒಂದು ಹಲ್ಲು ಆಚೀಚೆ ಕೂತಿದ್ದರೂ ಗುರುತು ಕೂಡದೆ ಆಗಲೇ ಗೊತ್ತಾಗುತ್ತದೆ. ಆ ಹೊತ್ತಿಗೆ ಅಲ್ಲೇ ನಿಂತು ನೋಡಿ. ಕೇಳದೆಯೇ ಹತ್ತು ವರ್ಷದ ಲೆಕ್ಕ ಹೇಳಿದ ಮನುಷ್ಯ ಇದನ್ನೂ ತಾನಾಗಿಯೇ ಮಾಡಿಯಾರು ಎಂದು ನನಗೆ ಅನ್ನಿಸುತ್ತದೆ. ಟಿ-ಬೆಲ್ಟ್ ದೀಪದ ಎಣಿಕೆಯನ್ನು ಸೊನ್ನೆ ಮಾಡಲು ನೆನಪಿಸಿ.

ಒಂದು ಸಾಧ್ಯತೆ ಉಳಿಯಿತು. ನಿಮ್ಮ ಮಾವನವರು ನಡುವೆ ಎಂದಾದರೂ ಈ ಕೆಲಸ ಮಾಡಿಸಿರಬಹುದೇ? ಆ ತಲೆಮಾರಿನ ಎಷ್ಟೋ ಜನ ಪೆಟ್ರೋಲ್ ಬಂಕಿನ ರಸೀದಿಯನ್ನೂ ಫೈಲಿಗೆ ಹಾಕಿಡುತ್ತಿದ್ದರು. ಅವರ ಕಾಗದಪತ್ರದಲ್ಲಿ ಗಾಡಿಯ ಸರ್ವಿಸ್ ಬಿಲ್ಲುಗಳಿದ್ದರೆ ಒಮ್ಮೆ ತಿರುವಿ ನೋಡಿ. ಬೆಲ್ಟಿನ ಹೆಸರಿರುವ ಇತ್ತೀಚಿನ ಬಿಲ್ಲು ಸಿಕ್ಕರೆ ನನಗೆ ಮತ್ತೆ ಬರೆಯಿರಿ, ಆಗ ಲೆಕ್ಕ ಬೇರೆ. ಸಿಗದಿದ್ದರೆ ಈ ವಾರವೇ ಗಾಡಿಯನ್ನು ಗ್ಯಾರೇಜಿಗೆ ಬಿಡಿ, ಊರಿಗೆ ಹೋಗುವ ಕಾರ್ಯಕ್ರಮವಿದ್ದರೆ ಅದಕ್ಕೆ ಮೊದಲೇ. ಕಳಚಿದ ಹಳೆಯ ಬೆಲ್ಟನ್ನು ಕೇಳಿ ಮನೆಗೆ ತನ್ನಿ. ಬೆಳಕಿನಲ್ಲಿ ಹಿಂದಕ್ಕೆ ಬಾಗಿಸಿ ಹಲ್ಲುಗಳ ಬುಡದಲ್ಲಿ ಸಣ್ಣ ಗೆರೆಗಳಿವೆಯೇ ಎಂದು ಮೈದುನನೊಂದಿಗೆ ಕೂತು ನೋಡಿ. ಹೊಸ ಬಿಲ್ಲಿನ ಮೇಲೆ ತಾರೀಖು, ಕಿಲೋಮೀಟರ್ ಎರಡನ್ನೂ ಬರೆಸಿ ಮಾವನವರ ಆ ಫೈಲಿಗೇ ಸೇರಿಸಿಡಿ.